ಕಾಕಾ ಸತ್ತ ಸುದ್ದಿ

ಇಳಕಲ್ಲಿನ ನಮ್ಮ ಮನೆಯ ಪಡಸಾಲೆ ಹಗಲಿನಲ್ಲೂ ಅರೆಗತ್ತಲೆಯದು. ಬೀದಿಯ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಮೊದಲು ಮಗ್ಗದ ಸದ್ದಷ್ಟೇ ಕೇಳುತ್ತಿತ್ತು. ಕಣ್ಣು ಹೊಂದಿಕೊಂಡ ಮೇಲೆ ನೆಲದಿಂದ ಮೇಲೆದ್ದ ಇಬ್ಬರು ಅರ್ಧ ಮನುಷ್ಯರು ಕಾಣುತ್ತಿದ್ದರು. ಒಬ್ಬ ನನ್ನ ಅಪ್ಪ, ಇನ್ನೊಬ್ಬ ಅವನ ತಮ್ಮ ಗುರುಸಿದ್ದ ಕಾಕಾ. ನಮ್ಮದು ಕುಣಿಮಗ್ಗ, ನೇಯುವವರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಚಿಕ್ಕವಳಾಗಿದ್ದಾಗ ನನಗೆ ಅವರ ಕಾಲುಗಳು ನಮ್ಮ ಮನೆಯ ಕೆಳಗಿರುವ ಬೆಳಕಿಲ್ಲದ ಬೇರೊಂದು ಮನೆಯಲ್ಲಿವೆ ಎನಿಸುತ್ತಿತ್ತು. ಬಾಗಿಲ ಪಕ್ಕದಲ್ಲಿ ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ರಾಟಿ ಹಾಕಿಕೊಂಡು ನೂಲು ಸುತ್ತುತ್ತ ಕೂತಿರುತ್ತಿದ್ದಳು. ಒಳಗೆ ಬರುವ ಪ್ರತಿಯೊಂದು ಸುದ್ದಿಯೂ ಅವಳ ಮುಂದೆ ಹಾದೇ ಬರಬೇಕಿತ್ತು.

ಆಯಿಗೆ ನಮ್ಮ ಮಾತಿನಲ್ಲಿ ಆಗದ ಒಂದೇ ಒಂದು ಪದವೆಂದರೆ 'ಅಂತ'. ಹುನಗುಂದದಲ್ಲಿ ಮಳೆ ಆಗೇತಂತ, ಪೇಟೆಯಲ್ಲಿ ಯಾರದೋ ಮದುವೆ ಮುರಿದೈತಂತ ಎಂದು ಯಾರಾದರೂ ಶುರು ಮಾಡಿದರೆ ರಾಟಿ ನಿಲ್ಲುತ್ತಿತ್ತು. ಊಟದ ಹೊತ್ತಿನಲ್ಲಿ ನನ್ನ ಅವ್ವನಿಗೂ ಅವಳಿಗೂ ನಡೆಯುತ್ತಿದ್ದ ಜಗಳಗಳಲ್ಲಿ ಅರ್ಧ ಇದರಿಂದಲೇ ಹುಟ್ಟಿದವು.

"ಅಂತ ಅಂದ್ರ ಯಾರಂತ? ಈ ಅಂತಗ ತಾಯಿ ತಂದಿ ಇಲ್ಲೇನು?"

"ಎಲ್ಲಾರೂ ಅನ್ನಾಕತ್ತಾರ ಅತ್ತಿ. ಒಬ್ಬೊಬ್ಬರ ಹೆಸರ ಹ್ಯಾಂಗ ಹೇಳ್ಲಿ?"

"ಎಲ್ಲಾರೂ ಅಂದ್ರ ಯಾರೂ ಅಲ್ಲ. ಪಲ್ಯಾ ಹಾಕು."

ಕಾಕಾ ಈ ಜಗಳವನ್ನು ನಗೆಗೆ ತಿರುಗಿಸುತ್ತಿದ್ದ. ರೊಟ್ಟಿ ಸೀದಾವಂತ ಎನ್ನುತ್ತಿದ್ದ. ಯಾರು ಹೇಳಿದರು ಎಂದು ಆಯಿ ಗದರಿದರೆ, ನನ್ನ ಮೂಗು ಹೇಳ್ತು ಎನ್ನುತ್ತಿದ್ದ. ಅವನ ಹೆಂಡತಿ ಶಾಂತವ್ವ ಕಾಕಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅವಳು ಮರೋಳದವಳು, ಮೆತ್ತಗೆ ಮಾತಾಡುವವಳು. ಅವರಿಗೆ ಮಕ್ಕಳಿರಲಿಲ್ಲವಾದ್ದರಿಂದ ನಾನು ಅವಳ ಮಗ್ಗುಲಲ್ಲೇ ಮಲಗಿ ದೊಡ್ಡವಳಾದೆ. ನಾನು ಈಗ ಒಂದು ಪತ್ರಿಕೆಯಲ್ಲಿ, ಬಂದ ಸುದ್ದಿ ಎಲ್ಲಿಂದ ಬಂತೆಂದು ಹುಡುಕುವ ಕೆಲಸದಲ್ಲಿದ್ದೇನೆ. ಬದುಕಿದ್ದವರು ಸತ್ತರೆಂದು, ಯಾವುದೋ ಊರಿನ ಚಿತ್ರ ನಮ್ಮೂರಿನದೆಂದು ದಿನಕ್ಕೊಂದು ಸುದ್ದಿ ಫೋನಿನಲ್ಲಿ ಬರುತ್ತದೆ. ಅದರ ಬೆನ್ನು ಹತ್ತಿ ಹಿಂದಕ್ಕೆ ಹೋಗುವಾಗ ಎದೆಯಲ್ಲಿ ಏಳುವ ಚಳಿ ಮಾತ್ರ ಈ ಕೆಲಸದಿಂದ ಬಂದದ್ದಲ್ಲ. ಅದು ಆ ಪಡಸಾಲೆಯದು, ಆ ಒಂದು ಮಳೆಗಾಲದ್ದು.

ಮಳೆಗಾಲದಲ್ಲಿ ನೇಯ್ಗೆ ನಿಧಾನ. ಆಗ ಕಾಕಾ ಸೀರೆಯ ಗಂಟು ಹೊತ್ತು ಬಾದಾಮಿ ಸುತ್ತಿನ ಹಳ್ಳಿಗಳಿಗೆ ಮಾರಲು ಹೋಗುತ್ತಿದ್ದ. ಆ ವರ್ಷ ಅವನು ಹೋದ ಮೇಲೆ ಮಲಪ್ರಭೆಗೆ ನೀರು ಬಂತು. ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಚನ್ನಪ್ಪ ಕಾಕಾನ ಜೀವದ ಗೆಳೆಯ. ದಿನವೂ ಬಂದು ಏನಾದರೂ ತಿಳಿಯಿತೇ ಎಂದು ಕೇಳಿ ಹೋಗುತ್ತಿದ್ದ. ಮೋಡ ಇಳಿದು ಬೀದಿಯೆಲ್ಲ ಬೂದಿಬಣ್ಣವಾಗಿದ್ದ ಒಂದು ಮಧ್ಯಾಹ್ನ ಅವನು ಬಂದವನು ಏನನ್ನೂ ಕೇಳಲಿಲ್ಲ. ಮೈಮೇಲಿನ ಹಿಟ್ಟೂ ಝಾಡಿಸಿಕೊಳ್ಳದೆ, ಮುಖದಿಂದ ಪಾದದವರೆಗೆ ಬೆಳ್ಳಗೆ, ಹೊಸ್ತಿಲ ಮೇಲೆ ನಿಂತ. ಕಣ್ಣ ಕೆಳಗೆ ಮಾತ್ರ ಎರಡು ಕಪ್ಪು ಗೆರೆ ಹರಿದಿದ್ದವು. ಇದನ್ನು ನಾನೇ ಕಂಡಿದ್ದೇನೆ.

"ಆಯಿ, ನಮ್ಮ ಗುರುಸಿದ್ದ ಹೊಳಿಗೆ ಹೋದ."

ಅಪ್ಪನ ಮಗ್ಗ ನಿಂತಿತು. ಒಳಗಿನಿಂದ ಕಾಕಿ ಬಂದು ಕಂಬ ಹಿಡಿದಳು. ಆಯಿ ರಾಟಿಯ ಮೇಲಿನ ಕೈ ತೆಗೆಯಲಿಲ್ಲ.

"ಯಾರ ಹೇಳಿದ್ರು, ಚನ್ನಪ್ಪಾ?"

"ಬಸ್ಸಿನ ಡ್ರೈವರ ಹೇಳಿದ. ಶಿವಯೋಗ ಮಂದಿರದ ಹತ್ರ ಹೊಳಿ ದಾಟಾಕ ಇಳದಿದ್ನಂತ, ಸೆಳವು ಎಳಕೊಂಡ ಹೋತಂತ."

"ಡ್ರೈವರ ಕಂಡಾನೇನು?"

ಚನ್ನಪ್ಪ ಉತ್ತರ ಕೊಡುವ ಮೊದಲೇ ಅವ್ವ ಚೀರಿದಳು, ಓಣಿ ತುಂಬಿತು. ಹಜಾರ, ಪಡಸಾಲೆ, ಕಟ್ಟೆ ಎಲ್ಲೆಲ್ಲೂ ಜನ. ಮಳೆಯಲ್ಲಿ ತೊಯ್ದ ಬಟ್ಟೆಗಳ ವಾಸನೆ ಮನೆ ತುಂಬ ಹಬ್ಬಿತು. ಮಂದಿಯ ಮಾತಿನಲ್ಲಿ ಮೊದಲು ಕಾಕಾ ಬರೀ ಹೊಳೆಗೆ ಹೋಗಿದ್ದ. ಸ್ವಲ್ಪ ಹೊತ್ತಿಗೆ ಅವನ ಮೈಮೇಲೆ ಬಿಳಿ ಅಂಗಿ ಬಂತು. ಇನ್ನೊಬ್ಬರು ಬಂದ ಮೇಲೆ ಅವನ ತಲೆಯ ಮೇಲೆ ಗಂಟು ಬಂತು; ಗಂಟು ಬಿಚ್ಚಿ ಸೀರೆಗಳು ನೀರಿನ ಮೇಲೆ ಉದ್ದಕ್ಕೂ ಹರಡಿದವು, ಕೆಂಪು ಸೆರಗುಗಳು ಮೇಲೆ, ಅವನು ಕೆಳಗೆ. ದೀಪ ಹಚ್ಚುವ ಹೊತ್ತಿಗೆ ಅವನು ಒಂದು ಕೈ ಎತ್ತಿದ್ದ. ಬದುಕಿದ್ದ ಕಾಕಾನನ್ನು ಅಷ್ಟು ಲಕ್ಷ್ಯಗೊಟ್ಟು ಯಾರೂ ನೋಡಿರಲಿಲ್ಲ. ಹುನಗುಂದದಿಂದ ಬಂದ ದೂರದ ಸಂಬಂಧಿ ಗಂಗವ್ವ ಕಾಕಿಯನ್ನು ಅಪ್ಪಿಕೊಂಡು ಹಾಡಿಕೊಂಡು ಅತ್ತಳು. ಮುಳುಗುವಾಗ ಅವನು ಶಾಂತಾ, ಶಾಂತಾ ಎಂದು ಕೂಗಿದ ಎಂಬ ಮಾತು ಆ ಅಳುವಿನೊಳಗಿಂದ ಬಂತು. ಕಾಕಿ ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದಳು. ಆ ಮಾತು ಕೇಳಿದ ಕೂಡಲೆ ತಲೆ ಎತ್ತಿ, ಹಿತ್ತಲ ಬಾಗಿಲ ಕಡೆ ತಿರುಗಿ, ಯಾರೋ ಕರೆದರೆ ಓಗೊಡುವಂತೆ "ಆಂ?" ಎಂದಳು.

ಹಿತ್ತಲಲ್ಲಿ ಯಾರೂ ಇರಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು ಬುತ್ತಿ ತಂದರು. ಆಯಿ ಆ ಬುತ್ತಿಯನ್ನು ಮುಟ್ಟಲಿಲ್ಲ, ಒಲೆ ಹಚ್ಚು ಎಂದು ಅವ್ವನಿಗೆ ಹೇಳಿದಳು. ಅವ್ವ ಹೆದರಿ ಹಿಂದೆ ಸರಿದಾಗ ತಾನೇ ಹೋಗಿ ಕುಳ್ಳು ಒಟ್ಟಿ ಬೆಂಕಿ ಮಾಡಿದಳು. ಮಗ ಸತ್ತ ದಿನ ಮುದುಕಿಗೆ ತಲೆ ಕೆಟ್ಟಿತೆಂದು ಹೆಂಗಸರು ಮುಖ ಮುಖ ನೋಡಿಕೊಂಡರು. ರೊಟ್ಟಿ ಬಡಿದು, ತಡವಾಗಿ ಬರುವವರಿಗೆ ಎತ್ತಿಡುವಂತೆ ಕಾಕಾನ ಪಾಲಿನದನ್ನು ಬಟ್ಟೆ ಮುಚ್ಚಿ ಗೋಡೆಯ ಮಾಡದಲ್ಲಿ ಇಟ್ಟಳು. ಅವನಿಗೆ ಎಡೆ ಇಡಬೇಕು ಎಂದ ಹಿರಿಯಳೊಬ್ಬಳಿಗೆ ಆಯಿ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ.

"ಅಂವ ಬದಕ್ಯಾನ ಅಂತ ನಾ ಅನ್ನಾಕತ್ತಿಲ್ಲ. ಸತ್ತಾನ ಅಂತನೂ ಅನ್ನೂದಿಲ್ಲ. ನನಗ ಗೊತ್ತಿಲ್ಲ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತನ ಕುಂದರಬೇಕು."

ಹಾಗೆ ಕೂರುವುದು ಅಳುವುದಕ್ಕಿಂತ ಕಷ್ಟವೆಂದು ನನಗೆ ತಿಳಿದದ್ದು ಆ ದಿನಗಳಲ್ಲಿ. ಅಳು ಒಂದು ಕಡೆಗೆ ಹರಿದು ಹೋಗುತ್ತದೆ. ಗೊತ್ತಿಲ್ಲ ಎನ್ನುವುದು ಮನೆಯ ಮೂಲೆ ಮೂಲೆಯಲ್ಲಿ ನಿಂತುಕೊಳ್ಳುತ್ತದೆ. ಕಾಕಾನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಮರುದಿನ ಮುಸ್ಸಂಜೆ ಆ ಮಗ್ಗ ಸದ್ದು ಮಾಡಿತು. ನಾನೂ ಕೇಳಿದೆ: ಕಿರ್ ಎಂದು ಒಮ್ಮೆ, ತಡೆದು ಮತ್ತೊಮ್ಮೆ, ಯಾರೋ ಕುಣಿಯಲ್ಲಿ ಕಾಲು ಇಟ್ಟಂತೆ. ಕೂತಿದ್ದ ಹೆಂಗಸರು ಎದ್ದು ಹೊರಗೋಡಿದರು. ಆಯಿ ಕಂದೀಲು ತೆಗೆದುಕೊಂಡು ಹೋಗಿ ಕುಣಿಯೊಳಗೆ ಇಣುಕಿದಳು. ಅದು ಸಾಲದೆಂದು ಕಂದೀಲನ್ನು ನನ್ನ ಕೈಗೆ ಕೊಟ್ಟು, ಕುಣಿಯ ಅಂಚಿಗೆ ಕೂತು ತನ್ನ ಎರಡೂ ಕಾಲುಗಳನ್ನು ಆ ಕತ್ತಲೆಯೊಳಗೆ ಬಿಟ್ಟು, ಬೆರಳಿನಿಂದ ನೂಲು ಮೀಟಿದಳು. ಒದ್ದೆ ಹವೆಗೆ ಎಳೆ ಬಿಗಿದಿವೆ ಎಂದಳು. ಅವಳ ಮಾತು ನಿಜವಿರಬೇಕು. ಆದರೆ ಕಾಲು ಮೇಲೆ ತೆಗೆದವಳು ಕುಣಿಗೆ ಬೆನ್ನು ಮಾಡದೆ ಹಿಂದಕ್ಕೆ ಸರಿದದ್ದನ್ನು ಕಂದೀಲು ಹಿಡಿದಿದ್ದ ನಾನೊಬ್ಬಳೇ ಕಂಡೆ.

ಅಷ್ಟರಲ್ಲಿ ಕಾಕಿಯ ಅಣ್ಣ ಮರೋಳದಿಂದ ಬಂದಿದ್ದ. ಕೆಟ್ಟವನಲ್ಲ, ತಂಗಿಯ ಗತಿ ಏನೆಂದು ಕಂಗಾಲಾದವನು. ಶಾಸ್ತ್ರ ಮುಗಿಸಿ ಅವಳನ್ನು ತವರಿಗೆ ಕರೆದುಕೊಂಡು ಹೋಗುತ್ತೇನೆ, ಬಳೆ ಒಡೆಸಿ ಎಂದು ಹಟ ಹಿಡಿದ.

"ನಿನಗ ಯಾರ ಹೇಳಿದ್ರಪ್ಪಾ?" ಎಂದಳು ಆಯಿ.

"ಕಮತಗಿಯೊಳಗ ಬಸ್ ನಿಂದ್ರೂ ಕಡೆ ಚಾದ ಹೊಟೇಲ ಐತೆಲ್ಲ, ಆ ಹೊಟೇಲಿನಾಂವ ಹೇಳಿದ."

ಆಯಿ ಗಂಗವ್ವನ ಕಡೆ ತಿರುಗಿದಳು. ಅವಳಿಗೆ ಹೇಳಿದ್ದು ಹುನಗುಂದದ ಬಳೆಗಾರ್ತಿ. ಬಳೆಗಾರ್ತಿಗೆ ಹೇಳಿದ್ದು ಅದೇ ಕಮತಗಿಯ ಹೊಟೇಲಿನವನು. ಚನ್ನಪ್ಪನಿಗೆ ಹೇಳಿದ ಡ್ರೈವರನೂ ಕಮತಗಿಯಲ್ಲಿ ಚಹಾ ಕುಡಿಯುವವನೇ. ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಬಾಯಿಂದ ಬಂದದ್ದರಿಂದಲೇ ಎಲ್ಲರೂ ನಂಬಿದ್ದರು. ಆಯಿ ಅಪ್ಪನನ್ನು ಕರೆದು, ಮೊದಲು ಕಮತಗಿಗೆ ಹೋಗಿ ಆ ಹೊಟೇಲಿನವನಿಗೆ ಯಾರು ಹೇಳಿದರೆಂದು ಕೇಳು, ಅವರು ಯಾರ ಹೆಸರು ಹೇಳುತ್ತಾರೋ ಅವರನ್ನು ಕೇಳು, ಕಂಡವರು ಸಿಗುವವರೆಗೆ ಮನೆಗೆ ಬರಬೇಡ ಎಂದಳು. ಅಪ್ಪ ಚಪ್ಪಲಿ ಮೆಟ್ಟಿ ಹೊರಟ.

ಆಯಿ ಕಾಕಿಯ ಎರಡೂ ಮುಂಗೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಬಳೆಗಳು ಅವಳ ಬೆರಳುಗಳೊಳಗೆ ಮುಚ್ಚಿಹೋದವು.

"ನಿನ್ನ ಭಾವ ಬರೂತನಾ ತಡಿ, ಶಾಂತಾ."

"ಅತ್ತಿ, ನನಗ ಯಾರೂ ಹೇಳೂದು ಬ್ಯಾಡ. ಅವರು ಕರದದ್ದು ನಾನ ಕೇಳೇನಿ."

"ಆ ಮಾತು ಗಂಗವ್ವಂದು ಐತಿ. ಏನ ಗಂಗವ್ವಾ, ಯಾರ ಹೇಳಿದ್ರು ನಿನಗ, ಅಂವ ಕೂಗಿದಾ ಅಂತ?"

ಗಂಗವ್ವ ಅತ್ತುಬಿಟ್ಟಳು. "ಯಾರೂ ಹೇಳಿಲ್ಲ ಆಯಿ. ಹೆಂಡತಿನ್ನ ನೆನಿಸಿರತಾನ, ಕರದಿರತಾನ ಅಂದೆ. ದುಕ್ಕದಾಗ ಬಂದ ಮಾತು."

"ಕೇಳಿದೇನು, ಶಾಂತಾ?"

ಕಾಕಿ ಕೇಳಿದಳು. ಆದರೂ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಯಿಯ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡು, ಎದ್ದು ಅಡುಗೆಮನೆಗೆ ಹೋಗಿ, ಒರಳಿನ ಅಂಚಿಗೆ ಮುಂಗೈ ಬಡಿದಳು. ಹಸಿರು ಚೂರುಗಳು ನನ್ನ ಕಾಲಬುಡಕ್ಕೆ ಬಂದು ಬಿದ್ದವು. ಯಾರೂ ಅವಳ ಬಳೆ ಒಡೆಸಲಿಲ್ಲ. ಊರಲ್ಲಿ ಆಮೇಲೆ ಬೇರೆ ಬೇರೆ ಹೆಸರು ಹೇಳಿದರು. ಅವಳೇ ಒಡೆದುಕೊಂಡಳು, ನಾನು ಅಲ್ಲಿದ್ದೆ.

ಅಪ್ಪ ಬಂದದ್ದು ಎಷ್ಟೋ ದಿನ ಬಿಟ್ಟು, ಇಳಿಹೊತ್ತಿನಲ್ಲಿ. ಗಡ್ಡ ಬೆಳೆದಿತ್ತು. ಚನ್ನಪ್ಪ ಗಿರಣಿ ಬಿಟ್ಟು ಓಡಿ ಬಂದ. ಅಪ್ಪ ಆಯಿಯ ಮುಂದೆ ಕೂತು ತಾನು ಹೋದ ದಾರಿಯನ್ನು ಹೇಳಿದ. ಕಮತಗಿಯ ಹೊಟೇಲಿನವನಿಗೆ ಸುದ್ದಿ ಹೇಳಿದ್ದು ಡ್ರೈವರ. ಡ್ರೈವರನನ್ನು ಹುಡುಕಿ ಕೇಳಿದರೆ ಅವನು ತಿರುಗಿ ಹೊಟೇಲಿನವನ ಹೆಸರು ಹೇಳಿದ. ಅಪ್ಪ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಮೊದಲಿನಿಂದ ಕೇಳಿದ.

"ಡ್ರೈವರಗ ಮೊದಲ ಈ ಮಾತ ತಗದಾಂವ ಇಲ್ಲೇ ಅದಾನ, ಅವ್ವಾ," ಎಂದು ಅಪ್ಪ ಚನ್ನಪ್ಪನ ಮುಖ ನೋಡಿದ. "ನೀ ಅವಂಗ ಏನ ಕೇಳಿದ್ದಿ, ಚನ್ನಪ್ಪಾ?"

"ನಾನೇನು? ಹೊಳಿ ಬಂದೈತಿ, ನಮ್ಮ ಗುರುಸಿದ್ದ ಆ ಕಡೆ ಸೀರಿ ಮಾರಾಕ ಹೋಗ್ಯಾನ, ಹೊಳ್ಯಾಗೇನರ ಸಿಕ್ಕಾನೇನೋ, ಕೇಳಿಕೊಂಡ ಬಾ ಅಂದಿದ್ದೆ."

"ಅಂವ ಹೊಟೇಲಿನಾಗ ಅದನ್ನ ಕೇಳಿದ. ಇಳಕಲ್ಲ ಸೀರಿ ಗುರುಸಿದ್ದ ಹೊಳ್ಯಾಗ ಸಿಕ್ಕಾನಂತ, ಗೊತ್ತೇನ ಅಂದ. ಹೊಟೇಲಿನಾಂವ ನಾಕ ಮಂದಿಗೆ ಅಂದ. ಡ್ರೈವರ ತಿರಿಗಿ ಬರೂದ್ರಾಗ ಅದೇ ನಾಕ ಮಂದಿ ಅವಂಗ, ಹೌದು, ಹೋದ ಅಂದ್ರು. ಅಂವ ಬಂದು ನಿನಗ ಹೇಳಿದ."

ಚನ್ನಪ್ಪ ತನ್ನ ಹಿಟ್ಟಿನ ಅಂಗೈಗಳನ್ನು ನೋಡಿಕೊಂಡ. "ಅಂದ್ರ ನಾ ಕೇಳಿದ್ದ ನನಗ ತಿರಿಗಿ ಬಂತು," ಎಂದ. ಅಷ್ಟೇ. ಬಿಳಿ ಅಂಗಿ, ಗಂಟು, ಎತ್ತಿದ ಕೈ ಇವಕ್ಕೆಲ್ಲ ಹಿಂದೆ ಯಾರೂ ಇರಲಿಲ್ಲ. ಹೊಳೆಯ ದಂಡೆಯಲ್ಲಿ ಒಬ್ಬನೇ ಒಬ್ಬ ಮನುಷ್ಯ ನಿಂತು ನೋಡಿರಲಿಲ್ಲ. ಆದರೂ ಅದು ನಡೆದಿತ್ತು. ನಮ್ಮ ಮನೆಯಲ್ಲಿ, ನಮ್ಮೆಲ್ಲರ ಮುಂದೆ ನಡೆದಿತ್ತು. ಕಾಕಾ ಎಲ್ಲಿದ್ದಾನೆಂದು ಮಾತ್ರ ಅಪ್ಪನಿಗೂ ತಿಳಿದಿರಲಿಲ್ಲ. ಆಚೆಯ ದಾರಿಗಳೆಲ್ಲ ನೀರಿನಲ್ಲಿದ್ದವು.

ಮಳೆ ಹೊಳವಾದ ಮೇಲೆ, ಎಳೆ ಬಿಸಿಲಿನ ಒಂದು ಮಧ್ಯಾಹ್ನ, ಬೀದಿಯಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಒಮ್ಮೆಲೇ ದಿಕ್ಕಾಪಾಲಾದರು. ಎದುರು ಮನೆಯ ಬಾಗಿಲು ಮುಚ್ಚಿತು, ಅದರ ಪಕ್ಕದ್ದೂ ಮುಚ್ಚಿತು. ಗಂಟು ಹೊತ್ತ ಕಾಕಾ ಆ ಖಾಲಿ ಬೀದಿಯಲ್ಲಿ, ಎಲ್ಲರೂ ಎಲ್ಲಿ ಹೋದರೆಂದು ಅತ್ತಿತ್ತ ನೋಡುತ್ತ ಬಂದ. ಅವನ ಅಂಗಿ ನೀಲಿಯದಾಗಿತ್ತು. ಅವ್ವ ನನ್ನನ್ನು ಹಿಂದಕ್ಕೆ ಎಳೆದುಕೊಂಡಳು. ಆಯಿ ರಾಟಿ ಬಿಟ್ಟು ಎದ್ದು ಹೊಸ್ತಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂದ್ರು. ಎಲ್ಲಿದ್ದಿ?"

ಕಾಕಾ ನಕ್ಕ. "ಏನಾತು ಯವ್ವಾ? ದಾರಿ ಕಟ್ಟಾಗಿತ್ತು. ಶಿವಯೋಗ ಮಂದಿರದ ಆಚಿ ಹಳ್ಳಿಯೊಳಗ ಜ್ವರಾ ಬಂದ ಮಲಗಿದ್ದೆ."

"ಯಾರ ಮನಿಯಾಗ?"

"ಸೀರಿ ತಗೊಳ್ಳೂ ನೀಲಮ್ಮನ ಮನಿಯಾಗ."

"ಆಕಿನ್ನ ಕೇಳಿದ್ರ ಹೌದಂತಾಳೇನು?"

ಕಾಕಾನ ನಗೆ ಮೆಲ್ಲಗೆ ಇಳಿಯಿತು. ಆಯಿಯ ಹಿಂದೆ ಅರೆಗತ್ತಲೆಯಲ್ಲಿ ನಿಂತಿದ್ದ ನಮ್ಮ ಮುಖಗಳನ್ನು ನೋಡಿದ. ಅವರ ನಡುವೆ ಬರಿಗೈಯ, ಬರಿಹಣೆಯ ತನ್ನ ಹೆಂಡತಿಯನ್ನು ನೋಡಿದ. ಗಂಟು ಅವನ ತಲೆಯಿಂದ ಜಾರಿ ಬಿತ್ತು. "ಅಂತಾಳ ಯವ್ವಾ," ಎಂದ, ಸಣ್ಣ ದನಿಯಲ್ಲಿ. "ಕೇಳಿ ನೋಡು." ಆಯಿ ಅವನ ಮುಂಗೈ ಹಿಡಿದು, ಬಹಳ ಹೊತ್ತು ನಾಡಿ ನೋಡಿದಳು. ಆಮೇಲೆ ಅದನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಬಿಕ್ಕಿದಳು. ಅಷ್ಟು ದಿನ ಅಳದ ಮುದುಕಿ ಅತ್ತದ್ದನ್ನು ನೋಡಿ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಚನ್ನಪ್ಪ ಗಿರಣಿಗೆ ಬೀಗ ಹಾಕಿ ಹುನಗುಂದ, ಕಮತಗಿ ಎಂದು ಬಸ್ಸು ಹತ್ತಿ, ಗುರುಸಿದ್ದ ಬಂದಾನ, ನಾ ಗಿರಣಿ ಚನ್ನಪ್ಪ, ನಾನ ಕಂಡೇನಿ ಎಂದು ಹೇಳಿಕೊಂಡು ತಿರುಗಿದ. ಆದರೆ ಸಾವು ಅವನಿಗಿಂತ ಬಹಳ ಮುಂದೆ ಹೋಗಿತ್ತು. ಬದುಕಿದ ಸುದ್ದಿಯನ್ನು ಯಾರೂ ಇನ್ನೊಬ್ಬರಿಗೆ ಹೇಳಲಿಲ್ಲ. ಅದರಲ್ಲಿ ಸೀರೆಗಳು ತೇಲುವುದಿಲ್ಲ. ಮುಂದಿನ ಸಲ ಕಾಕಾ ಬಾದಾಮಿಯ ಕಡೆ ಹೋದಾಗ ಕೆಲವು ಮನೆಗಳಲ್ಲಿ ಹೆಂಗಸರು ಅವನನ್ನು ಕಂಡು ಒಳಗೆ ಓಡಿದರು. ಒಬ್ಬ ಅಜ್ಜಿ ಮಾತ್ರ ಧೈರ್ಯ ಮಾಡಿ, ಹೊಳೆಗೆ ಹೋದ ಗುರುಸಿದ್ದಪ್ಪನ ತಮ್ಮನೇನು ನೀವು ಎಂದು ಕೇಳಿದಳಂತೆ. ಹೇಳಿ ಹೇಳಿ ದಣಿದಿದ್ದ ಅವನು ಹೌದೆಂದ. ಆಮೇಲೆ ಆ ಸುತ್ತಿನಲ್ಲೆಲ್ಲ ಅವನು ತನ್ನ ತಮ್ಮನಾಗಿಯೇ ಸೀರೆ ಮಾರಿದ. ಇದನ್ನು ನನಗೆ ಹೇಳಿದ್ದು ಕಾಕಾನೇ. ನಗುತ್ತ ಶುರು ಮಾಡಿದ, ನಗುತ್ತ ಮುಗಿಸಲಿಲ್ಲ. ಸತ್ತವನ ಗುಣಗಳನ್ನು ಜನ ನನ್ನ ಮುಂದೆಯೇ ಹೊಗಳುತ್ತಾರೆ, ಅವನು ನನಗಿಂತ ಒಳ್ಳೆಯವನಾಗಿದ್ದ ಎಂದ.

ಕಾಕಿ ಮತ್ತೆ ಬಳೆ ಇಟ್ಟಳು, ಕುಂಕುಮ ಹಚ್ಚಿದಳು. ಗಂಡನಿಗೆ ಬಿಸಿ ರೊಟ್ಟಿ ಬಡಿದು ಹಾಕಿದಳು, ಜ್ವರ ಬಂದರೆ ರಾತ್ರಿಯೆಲ್ಲ ಕಾಲೊತ್ತಿದಳು. ಆದರೆ ಮಳೆಗಾಲದ ಮಸುಕು ಮಧ್ಯಾಹ್ನಗಳಲ್ಲಿ ಒಮ್ಮೊಮ್ಮೆ ಹಿತ್ತಲ ಬಾಗಿಲ ಕಡೆ ತಿರುಗಿ ಓಗೊಡುತ್ತಿದ್ದಳು. ಪಡಸಾಲೆಯಲ್ಲಿ ಕಾಕಾನ ಮಗ್ಗ ನಡೆಯುತ್ತಿರುವಾಗಲೇ. ಆ ಕ್ಷಣ ಮಗ್ಗವೂ ತಡೆಯುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅವರಿಬ್ಬರೂ ಅದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನು ಅವಳನ್ನು ದೂರುವುದಿಲ್ಲ. ಕೆಂಪು ಸೆರಗುಗಳು ಕೆಸರು ನೀರಿನ ಮೇಲೆ ಹರಡಿಕೊಂಡದ್ದು, ಅವುಗಳ ನಡುವೆ ಒಂದು ಕೈ ಎದ್ದು ಮುಳುಗಿದ್ದು ನನ್ನ ಬಾಲ್ಯದ ಎಲ್ಲ ನೆನಪುಗಳಿಗಿಂತ ಸ್ಪಷ್ಟವಾಗಿ ಇಂದಿಗೂ ನನ್ನ ಕಣ್ಣಲ್ಲಿದೆ. ಅದಕ್ಕೆ ಹೋಲಿಸಿದರೆ ಆಯಿಯ ಮುಖ ಮಾಸಿಹೋಗಿದೆ.

ಆಯಿ ತೀರಿಕೊಂಡ ಕೆಲವು ವರ್ಷಗಳ ಮೇಲೆ, ನನಗೆ ಕೆಲಸ ಸಿಕ್ಕಿದ ಹೊಸದರಲ್ಲಿ, ಕಾಕಾ ಕಾಕಿ ಇಬ್ಬರನ್ನೂ ಬಾದಾಮಿಯ ಕಡೆ ಕರೆದುಕೊಂಡು ಹೋಗಿದ್ದೆ. ಶಿವಯೋಗ ಮಂದಿರದಲ್ಲಿ ದರ್ಶನ ಮುಗಿಸಿ ಹೊರಬಂದಾಗ ಕಾಕಿ ಹೊಳೆಗೆ ಹೋಗೋಣ ಎಂದಳು. ಮೋಡ ಕವಿದಿತ್ತು. ಹೊಳೆ ತುಂಬಿರಲಿಲ್ಲ, ಆದರೆ ನೀರು ಕೆಂಪಗಿತ್ತು, ಸದ್ದಿಲ್ಲದೆ ಹರಿಯುತ್ತಿತ್ತು. ಕಾಕಿ ಚೀಲದಿಂದ ಒಂದು ಸೇವಂತಿಗೆಯ ಮಾಲೆ ತೆಗೆದಳು. ಅದನ್ನು ಅವಳು ಯಾವಾಗ ಕೊಂಡಳೋ ನಾನು ನೋಡಿರಲಿಲ್ಲ. ಅವಳು ನೀರಿಗೆ ಬಗ್ಗಿದಾಗ ಕಾಲು ಜಾರದಿರಲೆಂದು ಕಾಕಾ ಅವಳ ರಟ್ಟೆ ಹಿಡಿದುಕೊಂಡ. ಅವನ ಇನ್ನೊಂದು ಕೈಯಲ್ಲಿ ಅವಳ ಚಪ್ಪಲಿಗಳಿದ್ದವು. ಮಾಲೆ ಒಮ್ಮೆ ಸುತ್ತು ತಿರುಗಿ ಸೆಳವಿಗೆ ಸಿಕ್ಕಿತು.

"ಪಾಪ, ಭಾಳ ಒದ್ದಾಡ್ಯಾರ," ಎಂದಳು ಕಾಕಿ.

ಈಗಲಾದರೂ ಕಾಕಾ ಏನಾದರೂ ಹೇಳುತ್ತಾನೆ ಎಂದು ನಾನು ಅವನ ಮುಖ ನೋಡಿದೆ. ಅವನು ಹೂವು ಹೋದ ಕಡೆಗೇ ನೋಡುತ್ತಿದ್ದ.

"ಹೂಂ," ಎಂದ. "ಈಜ ಬರತಿದ್ದಿಲ್ಲ ಅವಂಗ."